ಫ್ಲಾಪಿಗೆ ಹಚ್ಚಿದ ವಿಭೂತಿ

ಮಗಳು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಇಳಕಲ್ಲಿನ ಯಾವ ಮಗ್ಗದಲ್ಲಿ ಯಾವ ಸೀರೆ ಇದೆ, ಯಾವುದು ಅಂಗಡಿಗೆ ಹೋಯಿತು ಎಂದು ಕೇಳಿದರೆ ಕಂಪ್ಯೂಟರ್ ಹೇಳಬೇಕು. ಅದು ಅವಳ ಪ್ರಾಜೆಕ್ಟ್. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಅದನ್ನು ಪರೀಕ್ಷಕರ ಮುಂದೆ ನಡೆಸಿ ತೋರಿಸದಿದ್ದರೆ ಡಿಗ್ರಿ ಇಲ್ಲ ಎಂಬುದಷ್ಟೇ ನನಗೆ ಗೊತ್ತಿತ್ತು.

ಪರೀಕ್ಷೆಯ ದಿನ ಬೈಂಡ್ ಮಾಡಿದ ವರದಿಗಳನ್ನು ಹೊತ್ತುಕೊಂಡು ಇಳಕಲ್ಲಿನ ಮನೆಯಿಂದ ನಾನೂ ಅವಳ ಜೊತೆ ಹೊರಟೆ. ಬಸ್ಸು ಹುನಗುಂದ ದಾಟಿದ ಮೇಲೆ ಅವಳು ಚೀಲ ತೆರೆದು ನೋಡಿ ಬಿಳಿಚಿಕೊಂಡಳು. ಪ್ರಾಜೆಕ್ಟ್ ತುಂಬಿಟ್ಟಿದ್ದ ಫ್ಲಾಪಿಯ ಮೇಲೆ ಮೂರು ಬೆರಳಿನ ವಿಭೂತಿ. ಅಂಚಿನಲ್ಲಿದ್ದರೆ ಒರೆಸಬಹುದಿತ್ತು. ಒಳಗಿನ ತಟ್ಟೆ ಕಾಣುವ ಸೀಳಿನ ಮೇಲೇ ಎಳೆದಿತ್ತು.

"ಯಾರವ್ವಾ ಇದನ್ನ ಹಚ್ಚಿದ್ದು?"

"ಮತ್ಯಾರು, ನಿಮ್ಮಾಯಿ. ದೇವರ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡ್ಯಾರ. ಸೆರಗಿಲೆ ಒರಸ್ಲೇನು?"

"ಮುಟ್ಟಬ್ಯಾಡ. ಗೀರು ಬಿದ್ರ ಎಲ್ಲಾ ಹೋಗತೈತಿ."

ಅವಳ ಆಯಿ, ಅಂದರೆ ನನ್ನ ಅತ್ತೆ, ಹೊಸ ಮಗ್ಗ ಬಂದರೂ ಹಾಗೇ ಮಾಡುತ್ತಿದ್ದರು. ಮಗ್ಗಕ್ಕೆ ಏನೂ ಆಗಿರಲಿಲ್ಲ.

ಕಾಲೇಜಿನ ಸರ್ ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಹಾಕಿದ್ರ ಮಷೀನೂ ಹಾಳಾಗತೈತಿ. ಬ್ಯಾರೆ ನಕಲು ಐತೇನು?"

"ಅರ್ಧಾ ಅಷ್ಟ ಐತ್ರಿ. ಸೀರಿ ಅಂಗಡಿಗೆ ಹೋಗೂ ಭಾಗ ಅದರಾಗಿಲ್ಲ."

"ಪ್ರೋಗ್ರಾಂ ವರದಿಯೊಳಗ ಅಚ್ಚಾಗೈತಲ್ಲ, ನೋಡಿ ಟೈಪ್ ಹೊಡಿ. ಪರೀಕ್ಷಕರು ಊಟಕ್ಕ ಹೋಗ್ಯಾರ. ಅವರು ಬರೂದ್ರಾಗ ಮುಗಸು."

ಚಪ್ಪಲಿ ಹೊರಗೆ ಬಿಟ್ಟು ನಾನೂ ಕಂಪ್ಯೂಟರ್ ಕೋಣೆಯೊಳಗೆ ಹೋದೆ. ಯಾರೂ ಬೇಡ ಅನ್ನಲಿಲ್ಲ. ಹಾಳೆಯ ಮೇಲೆ ಸ್ಕೇಲ್ ಇಟ್ಟು ಸಾಲು ಸಾಲಾಗಿ ಕೆಳಗೆ ಜಗ್ಗುವುದು ನನ್ನ ಕೆಲಸ. ಇಂಗ್ಲಿಷ್ ಬಾರದಿದ್ದರೂ ಸಾಲು ಕಾಣುತ್ತದಲ್ಲ. ನಡುನಡುವೆ ಬಾಗಿಲ ಕಡೆ ನೋಡಿದರೆ ಸ್ಕೇಲ್ ಜಾರುತ್ತಿತ್ತು.

"ಸ್ಕೇಲ್ ಸರಿ ಹಿಡಿಯವ್ವಾ, ಅಕ್ಷರ ಮುಚ್ಚತಾವ."

"ನೀ ಲಗೂನ ಹೊಡಿ."

ಕೊನೆಯ ಹಾಳೆ ಉಳಿದಿತ್ತು. ಪರೀಕ್ಷಕರು ಬಾಯಿ ಒರೆಸಿಕೊಳ್ಳುತ್ತ ಬಂದರು. ಒಂದು ಸೀರೆ ಕೇಳಿದರು, ಯಂತ್ರ ತೋರಿಸಿತು. ಇನ್ನೊಂದು ಕೇಳಿದರು, ಅದೂ ಬಂತು. ತಿಂಗಳ ಮಾರಾಟ ಕೇಳಿದಾಗ ಯಂತ್ರ ಸುಮ್ಮನಾಯಿತು; ಅದು ಆ ಉಳಿದ ಹಾಳೆಯಲ್ಲಿತ್ತು.

"ಇದು ವರದಿಯಲ್ಲಿದೆ, ಇಲ್ಲಿ ಯಾಕಿಲ್ಲ?"

"ಫ್ಲಾಪಿ ಕೆಟ್ಟಿತ್ರಿ ಸರ್. ಪೂರಾ ನಕಲು ಇಟ್ಟಿರಲಿಲ್ಲ. ತಪ್ಪು ನಂದು."

ನನಗೆ ಬಾಯಿತನಕ ಮಾತು ಬಂದಿತ್ತು. ಅವಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆ ಭಾಗವನ್ನು ಬಾಯಲ್ಲೇ ವಿವರಿಸಿದಳು. ಪರೀಕ್ಷಕರು ಮುಖ ಗಂಟಿಕ್ಕಿಕೊಂಡೇ ಕೇಳಿ, ಅಂಕ ಕಡಿಮೆ ಮಾಡಿ, ಪಾಸು ಎಂದು ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಬೈದೆ. "ಆಯಿ ಹಚ್ಚ್ಯಾರಂತ ಹೇಳಾಕ ಏನಾಗಿತ್ತು?"

"ಹೇಳಿದ್ರ ಮಾರ್ಕ್ಸ್ ಬರ್ತಿದ್ವೇನು? ನಗತಿದ್ರು ಅಷ್ಟ. ಮನ್ಯಾಗೂ ಹೇಳಬ್ಯಾಡ."

ನಾನು ಹೇಳಿದೆ. ಹೇಳದೆ ಇರುವ ಜಾತಿಯವಳಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಪಾಸಾದಳಿಲ್ಲೋ?"

"ಆಗ್ಯಾಳ್ರಿ."

"ಮತ್ತ?" ಎಂದು ಒಳಗೆ ಹೋದರು.