ದುರ್ಗವ್ವ ಹಾಸಿದ ಬೆಚ್ಚನೆಯ ನೆಲ

ಮನಗೂಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಿಕ್ಷಕಿ ವಿಜಯಲಕ್ಷ್ಮಿಯವರ ಪಡಸಾಲೆಯಲ್ಲಿ ದುರ್ಗವ್ವ ಮೊಣಕಾಲೂರಿ, ಕಟ್ಟಿಗೆಯ ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಸರಿಯುತ್ತಿದ್ದಾರೆ. ಹಾಸಿದ ಕಂಬಳಿಯ ಅಂಚಿಗೆ ಬಂದಾಗ ಸದ್ದು ಟೊಳ್ಳಾಗುತ್ತದೆ. ಕಂಬಳಿ ಎತ್ತಿದರೆ ಅಡಿಯಲ್ಲಿ ಮೂರು ಹಲಗೆ ಬಿರಿದು ಎದ್ದಿವೆ.

ಈ ಹಲಗೆಗಳ ಕೆಳಗೆ ಕರೆಂಟಿನಿಂದ ಕಾಯುವ ತಂತಿಯ ಜಾಲರಿ ಇದೆ. ಬಿಸಿಲಿನ ಸೀಮೆಯಲ್ಲಿ ನೆಲ ಬಿಸಿ ಮಾಡುವ ಹುಚ್ಚು ಯಾರಿಗೆ ಎಂದು ನಗುವವರುಂಟು. ಚಳಿಗಾಲದ ಮುಂಜಾನೆ ಸಂಧಿವಾತದ ಕಾಲನ್ನು ಕಲ್ಲಿನ ನೆಲಕ್ಕೆ ಊರುವವರು ಮಾತ್ರ ನಗುವುದಿಲ್ಲ. ವಿಜಯಲಕ್ಷ್ಮಿಯವರ ತಾಯಿ ರುಕ್ಮವ್ವ ಹೋದ ವರ್ಷ ಚಳಿಗಾಲವಿಡೀ ಮಂಚದ ಮೇಲೆಯೇ ಕಳೆದಿದ್ದರು. ಅವರಿಗಾಗಿ ಈ ಸಲದ ದೀಪಾವಳಿಗೆ ಮೊದಲು ದುರ್ಗವ್ವ ಹಾಕಿಕೊಟ್ಟ ನೆಲವಿದು.

ದುರ್ಗವ್ವ ತಂಗಡಗಿ ಊರಿನವರು. ಗಂಡ ಪರಮಾನಂದರೊಂದಿಗೆ ಮನಾಲಿಗೆ ದುಡಿಯಲು ಹೋಗಿ, ಚಳಿಯ ಆ ಊರಿನ ಹೋಟೆಲುಗಳಲ್ಲಿ ಇಂಥ ಬಿಸಿನೆಲ ಹಾಸುವವರಿಗೆ ಹಲಗೆ ಎತ್ತಿಕೊಡುತ್ತ ಕೆಲಸ ಕಲಿತರು. ಗಂಡನ ಬೆನ್ನಿಗೆ ಪೆಟ್ಟಾದ ಮೇಲೆ ಇಬ್ಬರೂ ಊರಿಗೆ ಮರಳಿದರು. ಈಗ ಪರಮಾನಂದ ಕುಳಿತಲ್ಲೇ ಹಲಗೆ ಕೊಯ್ದುಕೊಡುತ್ತಾರೆ, ಹಾಸುವುದು ದುರ್ಗವ್ವ. 'ಹೆಣ್ಣಮಗಳ ಕೈಯಾಗ ಬಡಿಗತನ ಕೊಡೂದೇನು ಅಂದ್ರು. ಎರಡ ವರ್ಷ ಬರೇ ಮುರದ ಕುರ್ಚಿ ರಿಪೇರಿ ಮಾಡೀನ್ರಿ' ಎಂದು ನಗುತ್ತಾರೆ. ಈಗ ಸಿಂದಗಿ, ಇಂಡಿ ಪಟ್ಟಣಗಳಿಂದಲೂ ಕರೆ ಬರುತ್ತದೆ. ಬಿಸಿನೆಲದ ಕೆಲಸ ಅಪರೂಪ, ಹೆಚ್ಚಿನವು ಬರಿಯ ಕಟ್ಟಿಗೆ ನೆಲ.

ಹಲಗೆ ಎದ್ದಿದೆ ಎಂದು ನಿನ್ನೆ ವಿಜಯಲಕ್ಷ್ಮಿಯವರ ಫೋನ್ ಬಂತು. 'ಒಂದ ನೆಲ ಕೆಟ್ರ ಹತ್ತ ಮನಿ ಬಾಗಲಾ ಮುಚ್ಚತಾವ್ರಿ' ಎನ್ನುವ ದುರ್ಗವ್ವ, ಫೋನಿನಲ್ಲೇ ಬಿಸಿ ಬಂದ್ ಮಾಡಿಸಿ, ನಸುಕಿನ ಮೊದಲ ಬಸ್ಸಿಗೇ ಬಂದಿದ್ದಾರೆ.

'ಆಯಿ, ಈ ಕಂಬಳಿ ಯಾಕ ಹಾಸೀರಿ?' ದುರ್ಗವ್ವ ರುಕ್ಮವ್ವನವರನ್ನು ಕೇಳುತ್ತಾರೆ.

'ಬಂದ ಬೀಗರನ್ನ ಬರೀ ನೆಲದ ಮ್ಯಾಲ ಕುಂದ್ರಸ್ಲೇನು? ನನ್ನ ಮಾನ ಏನಾಗಬೇಕ?' ರುಕ್ಮವ್ವ ಸಿಡುಕುತ್ತಾರೆ.

'ಕೆಳಗಿನ ಕಾವು ಮ್ಯಾಲ ಬರಬೇಕ್ರಿ. ನಾಕ ಮಡಿಕಿ ಕಂಬಳಿ ತಡದ್ರ ಕಟಗಿ ಬೆಂದ ಹೋಗತೈತಿ.'

ವಾದ ಚಹಾ ಮುಗಿಯುವವರೆಗೂ ನಡೆಯುತ್ತದೆ. ಕೊನೆಗೆ ದುರ್ಗವ್ವ ಕಂಬಳಿ ಹೊತ್ತು ಹೊರಗಿನ ಕಟ್ಟೆಗೆ ಹಾಸುತ್ತಾರೆ. 'ಬೀಗರು ಇಲ್ಲಿ ಕುಂದರ್ಲಿ, ಗಾಳಿನೂ ಬರತೈತಿ.' ರುಕ್ಮವ್ವ ಬಾಗಿಲಿಗೆ ಬಂದು ನೋಡಿ, 'ಅದೂ ಖರೇನ. ಒಳಗ ಬೆಚ್ಚಗ ಕುಂತ್ರ ಒಬ್ರೂ ಏಳಂಗಿಲ್ಲ' ಎನ್ನುತ್ತಾರೆ. ಮನೆ ತುಂಬ ನಗು.

ಬಿರಿದ ಹಲಗೆ ಕಿತ್ತು, ಹಳೆಯ ಅಂಟು ಕೆರೆದು, ನೆಲ ಹಾಕಿದಾಗಲೇ ಉಳಿಸಿ ಇದೇ ಮನೆಯಲ್ಲಿಟ್ಟಿದ್ದ ಹಲಗೆಗಳನ್ನು ಕೂರಿಸುತ್ತಾರೆ. ಅಂಟು ಒಣಗಿದ ಮೇಲೆ ಬಿಸಿಯನ್ನು ದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸಬೇಕೆಂದು ವಿಜಯಲಕ್ಷ್ಮಿಯವರಿಗೆ ತಿಳಿಹೇಳುತ್ತಾರೆ. ಮಧ್ಯಾಹ್ನ ರುಕ್ಮವ್ವ ಅದೇ ನೆಲದ ಇನ್ನೊಂದು ಬದಿಯಲ್ಲಿ ಕಾಲು ಚಾಚಿ ಕುಳಿತು, ದುರ್ಗವ್ವನವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ ಬಡಿಸುತ್ತಾರೆ.

ಮುಂದೇನು ಆಸೆ ಎಂದು ಕೇಳಿದರೆ ದುರ್ಗವ್ವ ರೊಟ್ಟಿ ಮುರಿಯುತ್ತ ಹೇಳುತ್ತಾರೆ: 'ನಮ್ಮೂರ ಅಂಗನವಾಡ್ಯಾಗ ಹುಡುಗೂರು ತಣ್ಣನ ಕಲ್ಲಿನ ಮ್ಯಾಲ ಕುಂದರ್ತಾವ್ರಿ. ಅವಕ್ಕ ಬಿಸಿ ಬ್ಯಾಡ, ಬರೇ ಕಟಗಿ ಸಾಕು. ಉಳದ ತುಂಡೆಲ್ಲಾ ಕೂಡಿಸಿ ಇಟ್ಟೇನಿ. ಅರ್ಧ ಖೋಲಿಗೆ ಆಗ್ಯಾವ. ಇನ್ನೊಂದೆರಡ ಮನಿ ಕೆಲಸ ಸಿಕ್ರ ಪೂರಾ ಹಾಸ್ತೇನಿ.'