ಮೀನಿನಿಂದ ಮುಂದೆ ಎಲ್ಲಿಗೆ?

ಕಳೆದ ವಾರ ಹುಕ್ಕೇರಿಯ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ತೋರಿಸಲೆಂದು ಕೆರೆಯ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದೆ. ಒದ್ದೆ ಬಟ್ಟೆಯಿಂದ ಪಾಚಿಯ ವಾಸನೆ ಬಂತು. ನನ್ನ ಊರು ಕುಲಗೋಡದಲ್ಲಿ ಚಿಕ್ಕಮ್ಮನಂತಿದ್ದ ಬಾಜೂಮನೆಯ ಕಾಕೂ ನೆನಪಾದರು...

ಅವರದು ಜೈನರ ಮನೆ. ಬಾವಿಯ ನೀರನ್ನು ಸೋಸದೆ ಬಾಯಿಗೆ ಹಾಕುತ್ತಿರಲಿಲ್ಲ. ಸೋಸಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಅದನ್ನು ಚರಿಗೆಯಲ್ಲಿ ಜಾಲಿಸುತ್ತಿದ್ದರು. ಆ ನೀರನ್ನು ಬಾವಿಗೆ ಮೇಲಿನಿಂದ ಸುರಿಯುವಂತಿಲ್ಲ, ಚರಿಗೆಯನ್ನೇ ಹಗ್ಗದಲ್ಲಿ ಇಳಿಸಬೇಕು. ಚರಿಗೆಯ ಬುಡಕ್ಕೂ ಒಂದು ದಾರ. ಎಳೆದರೆ ನೀರಿನ ಮಟ್ಟದಲ್ಲೇ ಅದು ಬೋರಲಾಗುತ್ತಿತ್ತು. ಕುರಿ ಸಾಕುವ ಮನೆಯವರಾದ ನಮಗೆ ಇದೆಲ್ಲ ಚೋದ್ಯ.

ತೊಂಬತ್ತರ ದಶಕದ ಕೊನೆ. ನಾನು ಬಸ್ಸು ಹಿಡಿದು ಗೋಕಾಕಕ್ಕೆ ಹೋಗಿ ಪಿಯುಸಿ ವಿಜ್ಞಾನ ಓದುತ್ತಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ. ನಾನೋ ಅರ್ಧ ಕೊಡ. ಆ ವರ್ಷ ಸೊಳ್ಳೆಮರಿ ತಿನ್ನಲೆಂದು ಬಾವಿಗಳಿಗೆ ಮೀನು ಬಿಟ್ಟಿದ್ದರು. ಒಂದು ಬೆಳಿಗ್ಗೆ ಕಾಕೂ ಚರಿಗೆ ಇಳಿಸುವಾಗ ಜಂಬದಿಂದ ಹೇಳಿಯೇಬಿಟ್ಟೆ.

“ಕಾಕೂ, ನೀವು ಬಿಡೂ ಜೀವಾ ಎಲ್ಲಾ ಆ ಮೀನ ತಿಂತಾವ್ರಿ. ಪಾಚಿ ನೀರಾಗಿನ ಇಂಗಾಲ ತಗೋತೈತಿ, ಪಾಚೀನ ಹುಳಾ ತಿಂತಾವು, ಹುಳಾನ ಮೀನ ತಿಂತಾವು. ಇಂಗಾಲ ಹಂಗ ಮುಂದ ಮುಂದ ಹೊಕ್ಕೈತ್ರಿ.”

ಕಾಕೂ ಹಗ್ಗ ಹಿಡಿದೇ ನಿಂತರು. “ಮೀನದಾಗಿಂದ ಮುಂದ ಎಲ್ಲಿ ಹೊಕ್ಕೈತವಾ?”

ನನ್ನ ಪುಸ್ತಕದ ಚಿತ್ರದಲ್ಲಿ ಬಾಣದ ಗುರುತು ಮೀನಿಗೇ ನಿಂತಿತ್ತು. “ಅಲ್ಲಿಗಿ ಮುಗೀತ್ರಿ,” ಎಂದೆ.

ಆ ದಿನ ಕಾಕೂ ಊಟ ಮಾಡಲಿಲ್ಲವೆಂದು ಅವ್ವ ಹೇಳಿದಳು. ಮರುದಿನದಿಂದ ಅವರು ಹೊಸ ಪದ್ಧತಿ ಹಿಡಿದರು. ಮೊದಲು ಬಾವಿಯ ಆಚೆ ಬದಿಗೆ ಒಂದು ಹಿಡಿ ಜೋಳದ ಹಿಟ್ಟು ಉದುರಿಸುವುದು, ಮೀನೆಲ್ಲ ಅತ್ತ ಓಡಿದ ಮೇಲೆ ಈಚೆ ಬದಿಯಲ್ಲಿ ಚರಿಗೆ ಇಳಿಸುವುದು. ಓಣಿಯವರು ನಕ್ಕರು. “ನಗ್ರಿ ನೀವು. ಒಂದೀಟರ ಜೀವಾ ಬದಕಲಿ,” ಎನ್ನುತ್ತಿದ್ದರು ಕಾಕೂ. ವರ್ಷಗಟ್ಟಲೆ ಹಾಗೇ ಮಾಡಿದರು...

ಪರವೂರಿನಲ್ಲಿ ಪದವಿ ಓದುವಾಗ ತಿಳಿಯಿತು, ಮೀನಿನಲ್ಲಿ ಏನೂ ಮುಗಿಯುವುದಿಲ್ಲ. ಮೀನು ಉಸಿರಾಡಿದಾಗ, ಸತ್ತು ತಳದಲ್ಲಿ ಕೊಳೆತಾಗ ಅದೇ ಇಂಗಾಲ ನೀರಿಗೆ ಮರಳುತ್ತದೆ. ಪಾಚಿ ಮತ್ತೆ ಅದನ್ನು ಹೀರುತ್ತದೆ, ಅದರಿಂದ ಮತ್ತೆ ಸಣ್ಣ ಜೀವಗಳು ಬೆಳೆಯುತ್ತವೆ. ಕಾಗದ ಬರೆಯಬಹುದಿತ್ತು, ಎದುರಿಗೇ ಹೇಳೋಣವೆಂದು ತಡಮಾಡಿದೆ. ರಜೆಗೆ ಊರಿಗೆ ಹೋದಾಗ ಕಾಕೂ ತೀರಿಕೊಂಡು ಎರಡು ತಿಂಗಳಾಗಿತ್ತು.

ಈಗ ಈ ಪಾಠ ಮಾಡುವಾಗ ಮೀನಿನಿಂದ ನೀರಿಗೆ ಹಿಂದಿರುಗುವ ಬಾಣವನ್ನೇ ಮೊದಲು ಬರೆಯುತ್ತೇನೆ. ಮಕ್ಕಳು ಸುಮ್ಮನೆ ಬರೆದುಕೊಳ್ಳುತ್ತಾರೆ, ಮುಂದೆ ಎಲ್ಲಿ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದವರು ಒಬ್ಬರೇ. ಅವರಿಗೆ ನಾನು ತಪ್ಪು ಹೇಳಿದೆ, ಅದನ್ನೇ ನಂಬಿಕೊಂಡು ಹೋದರು.