ವನಜಕ್ಕನ ಹೋಟೆಲಿನ ಬಿಸಿಲ ಯಂತ್ರ

೧೯೮೫ರಲ್ಲಿ ನಾನು ಉಡುಪಿಯಲ್ಲಿ ಸಹಾಯಕ ಇಂಜಿನಿಯರ್ ಆಗಿದ್ದೆ. ಉಡುಪಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ಸಾಹೇಬರು ಕೂರುತ್ತಿದ್ದದ್ದು ಮಂಗಳೂರಿನಲ್ಲಿ. ಆ ವರ್ಷ ನಮ್ಮ ವಿಭಾಗಕ್ಕೆ ಒಂದೇ ಒಂದು ಸೋಲಾರ್ ವಾಟರ್ ಹೀಟರ್ ಮಂಜೂರಾಯಿತು. ನಾಲ್ಕು ಜನ ಬಂದು ಹೋಗುವ ಕಡೆ ಅದನ್ನು ಕೂರಿಸಿ, ಬಿಸಿಲಿನಿಂದ ಏನೇನು ಆಗುತ್ತದೆಂದು ತೋರಿಸಬೇಕು. ಜಾಗ ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೂರು ಅರ್ಜಿಗಳಿದ್ದವು. ಮಣಿಪಾಲದ ಒಂದು ಹಾಸ್ಟೆಲಿನದು, ಉಡುಪಿಯ ಒಂದು ಲಾಡ್ಜಿನದು, ಇನ್ನೊಂದು ಕಾಪುವಿನ ವನಜಕ್ಕನದು. ಅವರದು ನೋಟ್‌ಬುಕ್ಕಿನ ಹಾಳೆ. "ನಮಗೆ ಹೊಗೆ ಇಲ್ಲದ ಅಡುಗೆಮನೆ ಬೇಕು. ನನ್ನ ಎದೆ ಕೆಟ್ಟಿದೆ. ಹೋಟೆಲು ಮುಚ್ಚಲು ಮನಸ್ಸಿಲ್ಲ." ಇಷ್ಟೇ ಬರೆದಿದ್ದರು.

ವನಜಕ್ಕ ಮೀನುಗಾರರ ಮನೆಯವರು. ಗಂಡ ತೀರಿಕೊಂಡ ಮೇಲೆ ಕೇರಿಯ ಇನ್ನೂ ನಾಲ್ವರು ಹೆಂಗಸರನ್ನು ಸೇರಿಸಿಕೊಂಡು ಹೋಟೆಲು ಶುರುಮಾಡಿದ್ದರು. ಒಮ್ಮೆ ಕಾಯಿಲೆ ಬಿದ್ದು ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಯಲ್ಲಿ ಇದ್ದು ಬಂದವರು ಮೀನು ಬಿಟ್ಟರು. ಹಾಲು, ಮೊಸರು, ತುಪ್ಪವನ್ನೂ ಬಿಟ್ಟರು. ಹೋಟೆಲಿನಲ್ಲೂ ಅದೇ ನಿಯಮ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಪತ್ರೊಡೆ, ತೆಂಗಿನ ಹಾಲು ಹಾಕಿದ ಕಷಾಯ. ಮೀನಿನ ಬುಟ್ಟಿ ಹೊರುವ ಹೆಂಗಸರು ಬೆಳಿಗ್ಗೆ ಅಲ್ಲೇ ಗಂಜಿ ಕುಡಿದು ಮಾರಾಟಕ್ಕೆ ಹೊರಡುತ್ತಿದ್ದರು. ದಿಕ್ಕಿಲ್ಲದ ಹತ್ತು ಹನ್ನೆರಡು ಮುದುಕರಿಗೆ ಅಲ್ಲಿ ದಿನವೂ ಪುಕ್ಕಟೆ ಊಟ.

ಮಣಿಪಾಲದ ಡಾಕ್ಟರು ವನಜಕ್ಕನಿಗೆ, ಇನ್ನು ಹೊಗೆಯ ಹತ್ತಿರ ಹೋಗಲೇಬಾರದು ಎಂದಿದ್ದರು. ಅರ್ಜಿ ಓದಿ ನನ್ನ ಮನಸ್ಸು ಕರಗಿತು. ಒಳ್ಳೆಯ ಕೆಲಸದಲ್ಲಿ ನನ್ನ ಹೆಸರು ಬರುತ್ತದೆಂಬ ಆಸೆಯೂ ಇತ್ತು.

ಹೀಟರಿನ ಕೆಲಸ ಸರಳ. ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗೆ ಕಪ್ಪು ಬಳಿದ ತಾಮ್ರದ ತಗಡು, ಅದಕ್ಕೆ ಅಂಟಿದ ಕೊಳವೆಗಳು. ಬಿಸಿಲಿಗೆ ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ. ಚೆನ್ನಾಗಿ ಬಿಸಿಲಿದ್ದರೆ ಸಂಜೆಗೆ ಅರವತ್ತು ಡಿಗ್ರಿ, ಬೆಳಗಾಗುವಾಗ ಐವತ್ತು. ಸ್ನಾನಕ್ಕೆ ಧಾರಾಳ ಸಾಕು. ಕುಚ್ಚಲಕ್ಕಿಗಾದರೆ ನೀರು ಗಂಟೆಗಟ್ಟಲೆ ಕೊತಕೊತ ಕುದಿಯಬೇಕು. ಇದು ನನಗೆ ಗೊತ್ತಿತ್ತು.

ಅಳತೆ ತೆಗೆಯಲು ಹೋದ ದಿನ ವನಜಕ್ಕ ನೇರವಾಗಿಯೇ ಕೇಳಿದರು. ನಾನು ಪೆರ್ಡೂರಿನವನು, ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇಂಜಿನಿಯರ್ರೇ, ಇದರಲ್ಲಿ ಗಂಜಿ ಬೇಯುತ್ತದಲ್ವಾ?"

"ಒಲೆಯ ಕೆಲಸ ತುಂಬಾ ಕಡಿಮೆಯಾಗ್ತದೆ ಅಕ್ಕ" ಎಂದೆ.

ಅದು ಸುಳ್ಳಲ್ಲ. ಆದರೆ ಅವರು ಕೇಳಿದ್ದಕ್ಕೆ ಉತ್ತರವೂ ಅಲ್ಲ.

ಮೇ ಮೊದಲ ವಾರ ಉದ್ಘಾಟನೆಯಾಯಿತು. ಸಾಹೇಬರು ಮೈಕಿನ ಮುಂದೆ ನಿಂತು, "ಇಂದಿನಿಂದ ಈ ಹೋಟೆಲಿಗೆ ಒಂದು ತುಂಡು ಕಟ್ಟಿಗೆಯೂ ಬೇಡ" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ನಾನು ಅವರ ಹಿಂದೆಯೇ ನಿಂತಿದ್ದೆ. ಈಗ ಬಾಯಿ ಹಾಕಿದರೆ ಸಭೆ ಕೆಡುತ್ತದೆ, ನಾಳೆ ನಿಧಾನವಾಗಿ ತಿಳಿಸಿ ಹೇಳಿದರಾಯಿತು ಎಂದುಕೊಂಡೆ.

ಮರುದಿನ ನಾನು ಹೋಗುವಷ್ಟರಲ್ಲಿ ವನಜಕ್ಕ ದೊಡ್ಡ ಮಣ್ಣಿನ ಒಲೆಯನ್ನು ಒಡೆದು, ನೆಲ ಸಾರಿಸಿ ಆಗಿತ್ತು. ಕಟ್ಟಿಗೆ ತರುತ್ತಿದ್ದ ಅಲೆವೂರಿನ ಗಾಡಿಯವನಿಗೂ ಇನ್ನು ಬರಬೇಡ ಎಂದು ಹೇಳಿಯಾಗಿತ್ತು. ಒಲೆಯಿದ್ದ ಜಾಗದಲ್ಲಿ ರಂಗೋಲಿ ಹಾಕಿದ್ದರು. ಅದನ್ನು ನೋಡಿದ ಮೇಲೆ, ಹೇಳಲು ಬಂದದ್ದನ್ನು ಬಿಟ್ಟು, ಯಂತ್ರ ನೋಡುವ ನೆಪದಲ್ಲಿ ಏಣಿ ಇಟ್ಟು ಹೆಂಚಿನ ಮಾಡು ಹತ್ತಿದೆ.

ಆಮೇಲಿನ ಮೂರು ವಾರ ಇದೇ ನಡೆಯಿತು. ಆಫೀಸು ಮುಗಿಸಿ ಬಸ್ಸು ಹತ್ತಿ ಕಾಪುವಿಗೆ ಹೋಗುತ್ತಿದ್ದೆ. ಪೆಟ್ಟಿಗೆಯನ್ನು ಒಂದಿಷ್ಟು ವಾಲಿಸುವುದು, ಕೊಳವೆಗಳಿಗೆ ತೆಂಗಿನ ನಾರು ಸುತ್ತುವುದು, ಉಪ್ಪು ಗಾಳಿಗೆ ಮಂಕಾದ ಗಾಜನ್ನು ಒರೆಸುವುದು. ಯಾವುದರಿಂದಲೂ ಪ್ರಯೋಜನವಿಲ್ಲ ಎಂದು ತಿಳಿದೇ ಮಾಡುತ್ತಿದ್ದೆ. ಅವರು ಸೀಮೆಎಣ್ಣೆ ಸ್ಟವ್‌ನಲ್ಲಿ ಹೇಗೋ ಸುಧಾರಿಸುತ್ತಿದ್ದಾರೆ ಎಂದು ನಂಬಿದ್ದೆ. ಹಾಗೆ ನಂಬುವುದು ನನಗೂ ಬೇಕಿತ್ತು. ನಾನು ಏಣಿ ಇಳಿದ ಕೂಡಲೇ ವನಜಕ್ಕ ಬಾಳೆಲೆ ಹಾಕಿ ಕಡುಬು ಬಡಿಸುತ್ತಿದ್ದರು. "ನಮಗೋಸ್ಕರ ಎಷ್ಟು ಕಷ್ಟಪಡ್ತೀರಿ ನೀವು" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಬೇಗ ಬೇಗ ಉಂಡು ಬಸ್ಸಿಗೆ ಹೊರಡುತ್ತಿದ್ದೆ.

ಕೊನೆಗೆ ಮಂಗಳೂರಿಗೆ ಹೋಗಿ, ಅಲ್ಲಿ ಒಲೆಯೊಂದನ್ನು ಕಟ್ಟಿಸಿಕೊಡಬೇಕು ಎಂದು ಸಾಹೇಬರಲ್ಲಿ ಕೇಳಿದೆ.

"ಎಂತ ಮಾರಾಯ್ರೆ ನೀವು! ಉದ್ಘಾಟನೆ ಆದ ಮೇಲೆ ಒಲೆ ಕಟ್ಟುವುದಾ?" ಎಂದು ಅವರು ಫೈಲು ತೆರೆದು ನನ್ನ ಮುಂದೆ ತಿರುಗಿಸಿದರು. "ಯಂತ್ರದಿಂದ ಅಡುಗೆ ಸಂಪೂರ್ಣ ಯಶಸ್ವಿ ಅಂತ ವರದಿ ಮೇಲಕ್ಕೆ ಹೋಗಿ ಆಯಿತು. ಕೆಳಗೆ ಯಾರ ಸಹಿ ಉಂಟು, ನೋಡಿ."

ನನ್ನದೇ ಸಹಿ. ಉದ್ಘಾಟನೆಯ ಗಡಿಬಿಡಿಯಲ್ಲಿ ಓದದೆ ಹಾಕಿದ್ದು. ಈಚೆ ಕಾಪುವಿನಲ್ಲಿ ನಿಜ ಹೇಳಲು ಮುಖವಿಲ್ಲ, ಆಚೆ ಆಫೀಸಿನಲ್ಲಿ ಹೇಳಲು ದಾರಿಯಿಲ್ಲ.

ಮೇ ಕೊನೆಯ ವಾರ ಬೇರೆ ಕೆಲಸಕ್ಕೆಂದು ಆ ಕಡೆ ಹೋದವನು, ಹೇಳದೆ ಕೇಳದೆ ಬೆಳಿಗ್ಗೆಯೇ ಹೋಟೆಲಿಗೆ ನುಗ್ಗಿದೆ. ಅಡುಗೆಮನೆಯಲ್ಲಿ ಯಾರೂ ಇಲ್ಲ. ಹಿತ್ತಲಲ್ಲಿ ಹೊಗೆ. ತೆಂಗಿನ ಗರಿಗಳನ್ನು ಕಟ್ಟಿ ಮರೆ ಮಾಡಿದ್ದರು. ಅದರಾಚೆ ಮೂರು ಕಲ್ಲಿನ ಮೇಲೆ ಗಂಜಿಯ ಹಂಡೆ. ವನಜಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ತೆಂಗಿನ ಹಸಿ ಸೋಗೆ ಉರಿಸುತ್ತಿದ್ದರು. ಹಿಂದಿನ ಒಲೆಗಿಂತ ಮೂರು ಪಟ್ಟು ಹೊಗೆ. ಕೆಮ್ಮಿ ಕೆಮ್ಮಿ ಕಣ್ಣು ಕೆಂಡವಾಗಿತ್ತು.

ನನ್ನನ್ನು ನೋಡಿ ಅವರು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಎದ್ದು ನಿಂತರು.

"ಬೇಜಾರು ಮಾಡ್ಬೇಡಿ. ನಿಮ್ಮ ಯಂತ್ರ ಸರಿಯೇ ಉಂಟು. ನಡೆಸಲು ನಮಗೇ ಬರುವುದಿಲ್ಲವೋ ಏನೋ. ಹೊರಗೆ ಗೊತ್ತಾದರೆ ನಿಮ್ಮ ಕೆಲಸಕ್ಕೆ ತೊಂದರೆ ಅಂತ ಮರೆ ಕಟ್ಟಿದೆವು."

ಮೂರು ವಾರ ನಾನು ಅವರಿಂದ ನಿಜ ಮುಚ್ಚಿಟ್ಟಿದ್ದೆ. ಅವರು ನನಗಾಗಿ ಹೊಗೆ ಮುಚ್ಚಿಟ್ಟಿದ್ದರು.

"ಅಕ್ಕ, ಇದು ಗಂಜಿ ಬೇಯಿಸುವ ಯಂತ್ರವೇ ಅಲ್ಲ" ಎಂದೆ. "ನನಗೆ ಮೊದಲೇ ಗೊತ್ತಿತ್ತು."

ಅವರು ಉರಿಯುತ್ತಿದ್ದ ಸೋಗೆಯನ್ನು ಹಂಡೆಯ ಅಡಿಯಿಂದ ಹಿಂದಕ್ಕೆಳೆದರು. ಆಮೇಲೆ, "ನಾನು ಕೇಳಿದ್ದೆನಲ್ಲ?" ಎಂದರು. "ಬಾಯಿ ಬಿಟ್ಟು ಕೇಳಿದ್ದೆನಲ್ಲ ನಿಮ್ಮಲ್ಲಿ? ಒಲೆಯನ್ನು ನನ್ನ ಕೈಯಾರೆ ಒಡೆದೆ."

ಆ ದಿನ ಅವರು ನನಗೆ ಎಲೆ ಹಾಕಲಿಲ್ಲ.

ಮಳೆ ಹಿಡಿದರೆ ಹಿತ್ತಲಲ್ಲಿ ಬೆಂಕಿ ನಿಲ್ಲುವುದಿಲ್ಲ. ಮುದುಕರ ಊಟ ನಿಲ್ಲುತ್ತದೆ. ಅಂದು ಸಂಜೆಯೇ ಇನ್ನೊಂದು ವರದಿ ಬರೆದೆ. ಮೊದಲನೆಯದು ತಪ್ಪು, ತಪ್ಪು ನನ್ನದು ಎಂದು ಬರೆದು ಸಹಿ ಮಾಡಿ ಅಂಚೆಗೆ ಹಾಕಿದೆ. ಒಪ್ಪಿಗೆಗೆ ಕಾಯದೆ ಕಾರ್ಕಳದಿಂದ ಹೊಗೆಕೊಳವೆಯ ಒಲೆ ಕಟ್ಟುವ ಮೇಸ್ತ್ರಿ ಕೊರಗಪ್ಪನವರನ್ನು ಕರೆತಂದೆ. ರಜೆ ಹಾಕಿ ಅವರೊಂದಿಗೆ ಮಣ್ಣು ಕಲಸಿದೆ. ಉರಿ ಹಂಡೆಯ ಸುತ್ತ ಹರಿದು, ಹೊಗೆ ಮಾಡಿನ ಮೇಲಿಂದ ಹೊರಗೆ ಹೋಗುವ ಹಾಗೆ ಅವರು ಒಲೆ ಕಟ್ಟಿದರು. ಟ್ಯಾಂಕಿನಿಂದ ಹಂಡೆಯ ತನಕ ಒಂದು ಕೊಳವೆ ಎಳೆದೆವು. ಬಿಸಿಲಿದ್ದ ದಿನಗಳಲ್ಲಿ ಬೆಚ್ಚಗಿನ ನೀರಿಗೇ ಅಕ್ಕಿ ಹಾಕುವುದರಿಂದ ಕುದಿ ಬೇಗ ಬರುತ್ತಿತ್ತು, ಸೌದೆ ಉಳಿಯುತ್ತಿತ್ತು. ಮೋಡದ ದಿನ ಒಲೆಯೇ ಗತಿ. ಹೊಸ ಒಲೆಯ ಮಣ್ಣು ಒಣಗಿದ ಮೂರನೆಯ ದಿನಕ್ಕೆ ಮಳೆ ಹಿಡಿಯಿತು.

ಸಾಹೇಬರು ಮೆಮೊ ಕೊಟ್ಟರು. ಆಗಸ್ಟಿನಲ್ಲಿ ನನಗೆ ಬೀದರಿಗೆ ವರ್ಗವಾಯಿತು. ಹೊರಡುವ ಮೊದಲು ಹೇಳಿಹೋಗಲು ಕಾಪುವಿಗೆ ಹೋದಾಗ, ಉಡುಪಿಯ ಲಾಡ್ಜಿನ ಯಜಮಾನರು ಯಂತ್ರ ನೋಡಲು ಬಂದಿದ್ದರು. ವನಜಕ್ಕ ಅವರನ್ನು ಏಣಿಯ ಬುಡದಲ್ಲೇ ನಿಲ್ಲಿಸಿ ಹೇಳುತ್ತಿದ್ದರು:

"ಮೊದಲೇ ಹೇಳಿಬಿಡ್ತೇನೆ. ಇದರಲ್ಲಿ ನೀರು ಕುದಿಯುವುದಿಲ್ಲ, ಮಳೆಗಾಲದಲ್ಲಿ ನಂಬುವ ಹಾಗಿಲ್ಲ. ಇಷ್ಟು ಒಪ್ಪಿಗೆಯಾದರೆ ಮೇಲೆ ಹತ್ತಿ."

ಆ ಯಜಮಾನರು ಏಣಿ ಹತ್ತಿದರು. ಮುಂದಿನ ವರ್ಷ ತಮ್ಮ ಲಾಡ್ಜಿಗೂ ಒಂದು ಹಾಕಿಸಿಕೊಂಡರೆಂದು ಬೀದರಿನಲ್ಲಿ ಕೇಳಿ ತಿಳಿದೆ. ಒಂದು ಯಂತ್ರದಿಂದ ಏನಾಗುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು, ಬೇಕಾದವರು ಅದನ್ನು ಕೇಳಿಯೂ ಕೊಳ್ಳುತ್ತಾರೆ. ನನಗೆ ಅದನ್ನು ಕಲಿಸಿದ್ದು ಕಾಲೇಜಲ್ಲ. ಆಮೇಲಿನ ಸೇವೆಯಲ್ಲಿ ಎಷ್ಟೋ ಮಾಡುಗಳ ಮೇಲೆ ಹೀಟರ್ ಕೂರಿಸಿದೆ. ಏಣಿಯ ಬುಡದಲ್ಲಿ ಆ ಮಾತು ಹೇಳದೆ ಒಂದನ್ನೂ ಹತ್ತಲಿಲ್ಲ.